ಅಪಾಯಸೂಚನೆಯ ಲಿಪಿ

ವಿಜಯವಾಡದ ಬೀದಿಗಳಲ್ಲಿ ಮೊದಲ ಸಲ ನಡೆಯುವ ಕನ್ನಡಿಗನಿಗೆ ಅಲ್ಲಿಯ ನಾಮಫಲಕಗಳು ತೀರ ಅಪರಿಚಿತವೆನಿಸುವುದಿಲ್ಲ. ತೆಲುಗು ಲಿಪಿಯೂ ಕನ್ನಡ ಲಿಪಿಯೂ ಒಂದೇ ತಾಯಿಯ ಮಕ್ಕಳಾದುದರಿಂದ, ತಲೆಕಟ್ಟಿನ ವ್ಯತ್ಯಾಸವನ್ನು ಮನ್ನಿಸಿ ಅಕ್ಷರ ಕೂಡಿಸಿಕೊಂಡು ಆತ ಓದಬಲ್ಲನು. ಆದರೆ ಓದಬಲ್ಲನೆಂಬುದೇ ಒಮ್ಮೊಮ್ಮೆ ತೊಡಕಿಗೆ ಕಾರಣವಾಗುತ್ತದೆ. ವಿದ್ಯುತ್ ಪರಿವರ್ತಕದ ಬೇಲಿಗೆ ‘ಪ್ರಮಾದಂ’ ಎಂದು ಬರೆದ ಫಲಕವನ್ನು ತೂಗುಹಾಕಿದೆಯೆನ್ನಿ. ಪ್ರಮಾದವೆಂದರೆ ನಮಗೆ ತಪ್ಪು, ಎಚ್ಚರಗೇಡಿತನ. ತೆಲುಗರಿಗೆ ಅದು ಅಪಾಯ, ಅಪಘಾತ. ಸಂಸ್ಕೃತದ ಒಂದೇ ಮಾತಿನಲ್ಲಿ ನಾವು ಕಾರಣವನ್ನು ಉಳಿಸಿಕೊಂಡೆವು, ಅವರು ಪರಿಣಾಮವನ್ನು ಉಳಿಸಿಕೊಂಡರು. ‘ಅತ್ಯವಸರ ದ್ವಾರಂ’ ಎಂಬ ಇನ್ನೊಂದು ಫಲಕವುಂಟು. ನಾವು ತುರ್ತುಬಾಗಿಲೆನ್ನುವುದನ್ನು ಅವರು ಹಾಗೆನ್ನುತ್ತಾರೆ. ಕನ್ನಡಿಗ ಅದನ್ನು ‘ಬಹಳ ಅವಸರವಿದ್ದವರ ಬಾಗಿಲು’ ಎಂದು ತಿಳಿದರೂ ನಷ್ಟವಿಲ್ಲ. ಹೊರಗೆ ಹೋಗಿಯೇ ಹೋಗುತ್ತಾನೆ. ಪರಿವರ್ತಕದ ಬೇಲಿಯ ಬಳಿ ಇಂಥ ಅದೃಷ್ಟವನ್ನು ನಂಬಿ ಕೂರಲಾಗದು.

ಅಲ್ಲಿ ಅವನನ್ನು ಕಾಯುವುದು ಅಕ್ಷರವಲ್ಲ, ಅಕ್ಷರದ ಜೊತೆಗಿರುವ ತಲೆಬುರುಡೆ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 35ನೆಯದು, ಅಪಾಯಫಲಕವು ಹಿಂದಿ ಅಥವಾ ಇಂಗ್ಲಿಷಿನಲ್ಲಿಯೂ ಆ ಜಿಲ್ಲೆಯ ಭಾಷೆಯಲ್ಲಿಯೂ ಇರಬೇಕೆಂದು ಹೇಳಿ, ತಲೆಬುರುಡೆ ಹಾಗೂ ಎಲುಬುಗಳ ಚಿತ್ರವನ್ನೂ ಕಡ್ಡಾಯ ಮಾಡಿತು. 2010ರಲ್ಲಿ ಹೊಸ ನಿಯಮಗಳು ಬಂದಾಗಲೂ ಚಿತ್ರ ಉಳಿಯಿತು. ಕಪಾಲವು ನಮ್ಮ ನಾಡಿನಲ್ಲಿ ಭೈರವನ ಆಭರಣವೂ ಹೌದು. ಆದರೂ ಪರಿವರ್ತಕಕ್ಕೆ ಕೈಮುಗಿದು ಒಳಹೊಕ್ಕವರನ್ನು ನಾನಂತೂ ಕಂಡಿಲ್ಲ.

ಕಾರ್ಖಾನೆಯೊಳಗಿನ ಪ್ರಕಟಣೆಗಳ ವಿಷಯ ಇಷ್ಟು ಸರಳವಲ್ಲ. ಅವು ಇಂಗ್ಲಿಷಿನಲ್ಲಿಯೂ ಅಲ್ಲಿಯ ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತ್ತು. ನ್ಯಾಯವಾದ ಮಾತೇ. ಆದರೆ ಬಹುಸಂಖ್ಯಾತರಲ್ಲದವರ ಗತಿಯೇನು? ವಿಶಾಖಪಟ್ಟಣದಲ್ಲಿ ದುಡಿಯುವ ಒಡಿಯಾ ಕೂಲಿಗೂ, ಬೆಂಗಳೂರಿನ ಕಟ್ಟಡದ ಸಾರುವೆಯ ಮೇಲೆ ನಿಂತ ಶ್ರೀಕಾಕುಳದವನಿಗೂ ಈ ಪ್ರಶ್ನೆ ಒಂದೇ. ಹೊರನಾಡಿನಲ್ಲಿ ನೆಲೆಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬಣ್ಣವನ್ನೇ ನಂಬೋಣವೆಂದರೆ, ಬಣ್ಣವೂ ಒಂದು ಭಾಷೆಯೇ, ಕಲಿಯದೆ ಬಾರದು. ಕೆಂಪು ನಮಗೆ ಕುಂಕುಮದ ಬಣ್ಣ, ಮಂಗಳದ ಬಣ್ಣ. ಅದು ‘ನಿಲ್ಲು’ ಎನ್ನುವುದನ್ನು ನಾವು ರೈಲಿನಿಂದ ಕಲಿತೆವು. ಆ ರೈಲಾದರೂ ತನ್ನ ಪಾಠವನ್ನು ಒಮ್ಮೆ ತಿದ್ದಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಳಿ ದೀಪ ‘ಹೋಗು’ ಎಂದೂ ಹಸಿರು ದೀಪ ‘ನಿಧಾನಿಸು’ ಎಂದೂ ಹೇಳುತ್ತಿದ್ದವು. ಕೆಂಪು ಗಾಜು ಒಡೆದುಬಿದ್ದರೆ ಒಳಗಿನ ಬಿಳಿಯ ಬೆಳಕು ‘ಹೋಗು’ ಎಂದೇ ಸಾರುವುದರಿಂದ, ಬಿಳಿಯನ್ನು ಕೈಬಿಟ್ಟು ಹಸಿರಿಗೆ ಬಡ್ತಿ ಕೊಡಬೇಕಾಯಿತು. ಕೆಂಪುಹಸಿರಿನ ಭೇದ ಕಾಣದ ಕಣ್ಣುಗಳೂ ಉಂಟು. ಆದಕಾರಣವೇ ಇಂದು ಬಣ್ಣದೊಡನೆ ಆಕೃತಿಯನ್ನೂ ಬೆಸೆದಿದ್ದಾರೆ: ನಿಷೇಧಕ್ಕೆ ಅಡ್ಡಗೆರೆಯ ಕೆಂಪು ವೃತ್ತ, ಎಚ್ಚರಿಕೆಗೆ ಹಳದಿ ತ್ರಿಕೋನ, ಮಾಡಲೇಬೇಕಾದುದಕ್ಕೆ ನೀಲಿ ವೃತ್ತ, ಸುರಕ್ಷಿತ ದಾರಿಗೆ ಹಸಿರು ಚೌಕ.

ಕೊಳವೆಗಳಿಗೂ ಇಂಥ ಕಟ್ಟಳೆಯುಂಟು. ವಿಶಾಖಪಟ್ಟಣದಲ್ಲಿ 1957ರಲ್ಲಿ ಕೆಲಸ ಆರಂಭಿಸಿದ ತೈಲಶುದ್ಧೀಕರಣಾಗಾರದಂಥ ಕಡೆ ಮೈಲಿಗಟ್ಟಲೆ ಕೊಳವೆಗಳು ಹೆಣೆದುಕೊಂಡಿರುತ್ತವೆ. ಒಳಗೆ ಹರಿಯುವುದು ನೀರೋ ಆಮ್ಲವೋ ಕಣ್ಣಿಗೆ ತಿಳಿಯದು. ಭಾರತೀಯ ಮಾನಕ 2379ರಂತೆ ನೀರಿಗೆ ಸಮುದ್ರಹಸಿರು, ಗಾಳಿಗೆ ಆಕಾಶನೀಲಿ, ಎಣ್ಣೆಗೆ ತಿಳಿಕಂದು, ಅನಿಲಗಳಿಗೆ ಹಳದಿ, ಆಮ್ಲಗಳಿಗೆ ಗಾಢ ನೇರಿಳೆ. ವಿಜಯವಾಡದ ಆಟೋನಗರದಲ್ಲಿ ಲಾರಿಗಳ ಮೈ ಕಟ್ಟುವ ಬೆಸುಗೆಗಾರನಿಗೆ ಈ ಮಾನಕದ ಸಂಖ್ಯೆ ಗೊತ್ತಿರಲಿಕ್ಕಿಲ್ಲ. ಆದರೆ ಕಪ್ಪು ಸಿಲಿಂಡರಿನಲ್ಲಿ ಆಮ್ಲಜನಕ, ಕಂದುಗೆಂಪಿನದರಲ್ಲಿ ಅಸಿಟಿಲೀನ್ ಎಂಬುದು ಅವನಿಗೆ ಬಾಯಿಪಾಠ. ಕತ್ತಲಾದರೆ? ಅದಕ್ಕೂ ಉಪಾಯವಿದೆ. ಉರಿಯುವ ಅನಿಲದ ಜೋಡಣೆಗೆ ಎಡತಿರುವಿನ ಮರೆ, ಆಮ್ಲಜನಕದ್ದಕ್ಕೆ ಬಲತಿರುವಿನದು; ಒಂದರ ನಳಿಕೆ ಇನ್ನೊಂದಕ್ಕೆ ಕೂಡದು. ಬಣ್ಣವನ್ನು ಕಣ್ಣು ಮರೆತರೂ ತಿರುಪನ್ನು ಕೈ ಮರೆಯಲಾರದು. ನನ್ನ ಅಭಿಪ್ರಾಯದಲ್ಲಿ ಸಂಕೇತಗಳಲ್ಲೆಲ್ಲ ಶ್ರೇಷ್ಠವಾದುದು ಇಂಥದೇ. ಓದದವನನ್ನೂ ಅದು ತಡೆಯುತ್ತದೆ.

ಈ ತತ್ತ್ವವನ್ನು ನಮ್ಮ ಹುಬ್ಬಳ್ಳಿಯ ರೈಲ್ವೆಯವರೂ ಬೆಜವಾಡದವರೂ ಬಹುಕಾಲದಿಂದ ಬಲ್ಲರು. 1908ರ ಅನಂತರ ಎರಡೂ ಊರುಗಳು ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆಗೆ ಸೇರಿದ್ದವು. 1966ರಿಂದ 2003ರವರೆಗೆ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದ್ದವು. ಕನ್ನಡ, ತೆಲುಗು, ಮರಾಠಿ, ತಮಿಳು ಬೆರೆತ ಆ ನೌಕರವರ್ಗಕ್ಕೆ ಸಾಮಾನ್ಯ ಭಾಷೆಯಾಗಿದ್ದುದು ಬಾವುಟ, ದೀಪ, ಟೋಕನ್. ಏಕಮಾರ್ಗದಲ್ಲಿ ಒಂದು ನಿಲ್ದಾಣದಿಂದ ಮುಂದಿನದಕ್ಕೆ ಹೊರಡುವ ಚಾಲಕನಿಗೆ ಯಂತ್ರದಿಂದ ತೆಗೆದ ಲೋಹದ ಗುಂಡೊಂದನ್ನು ಕೊಡುತ್ತಿದ್ದರು. ಎರಡು ನಿಲ್ದಾಣಗಳ ಯಂತ್ರಗಳು ವಿದ್ಯುತ್ತಿನಿಂದ ಬಂಧಿಸಲ್ಪಟ್ಟಿದ್ದು, ಆ ಗುಂಡು ಮತ್ತೆ ಯಂತ್ರ ಸೇರುವವರೆಗೆ ಎರಡನೆಯದು ಹೊರಬರುವಂತಿಲ್ಲ. ಚೀಟಿಯೂ ಬೀಗವೂ ಒಂದೇ ವಸ್ತುವಿನಲ್ಲಿ ಅಡಕವಾದದ್ದು ಇಲ್ಲಿ.

ಇತರ ಉದ್ಯಮಗಳಲ್ಲಿ ಬೀಗ ಬೇರೆ, ಚೀಟಿ ಬೇರೆ. ವಿಜಯವಾಡದ ಬಳಿ ಇಬ್ರಾಹಿಂಪಟ್ಟಣದಲ್ಲಿ 1979ರಲ್ಲಿ ಮೊದಲ ಘಟಕ ನಡೆಯತೊಡಗಿದ ಉಷ್ಣವಿದ್ಯುತ್ ಕೇಂದ್ರದಂಥ ಸ್ಥಳವನ್ನು ಊಹಿಸಿಕೊಳ್ಳಿ. ಕಲ್ಲಿದ್ದಲನ್ನು ಪುಡಿಮಾಡುವ ಯಂತ್ರದೊಳಗೆ ಮನುಷ್ಯ ಇಳಿದು ದುರಸ್ತಿ ಮಾಡಬೇಕು. ಅದರ ಸ್ವಿಚ್ಚು ಇರುವುದು ಎಷ್ಟೋ ದೂರದ ಕೋಣೆಯಲ್ಲಿ. ಸ್ವಿಚ್ಚನ್ನು ತೆಗೆದು, ಬೀಗ ಹಾಕಿ, ಕೆಲಸಗಾರನ ಹೆಸರು, ದಿನ, ಕಾರಣ ಬರೆದ ಚೀಟಿಯನ್ನು ಕಟ್ಟುವುದು ಸರಿಯಾದ ಕ್ರಮ. ನಾಲ್ವರು ಇಳಿದರೆ ನಾಲ್ಕು ಬೀಗ, ಕಟ್ಟಿದವನೇ ಬಿಚ್ಚಬೇಕು. ಬೀಗವಿಲ್ಲದ ಚೀಟಿ ಬರಿಯ ಕಾಗದ. ಅದು ಯಾರ ಕೈಯನ್ನೂ ಹಿಡಿಯದು. ಅದಕ್ಕಿಂತಲೂ ಹೆಚ್ಚು ಹಾನಿ ಮಾಡುವುದು ಕೆಲಸ ಮುಗಿದು ತಿಂಗಳಾದರೂ ತೂಗಾಡುತ್ತಿರುವ ಹಳೆಯ ಚೀಟಿ. ಅದನ್ನು ನಿತ್ಯ ಕಂಡವನು ನಾಳೆ ಕಟ್ಟಿದ ಹೊಸದನ್ನೂ ಹಳೆಯದೆಂದೇ ಎಣಿಸುವನು.

ಇಲ್ಲಿಯವರೆಗೆ ಹೇಳಿದುದೆಲ್ಲ ಗೋಡೆಯೊಳಗಿನ ಮಾತು. ಗೋಡೆಯ ಹೊರಗೂ ಈ ಲಿಪಿ ಸಂಚರಿಸುತ್ತದೆ. ಎರಡು ನಗರಗಳ ನಡುವಣ ಸುಮಾರು 350 ಕಿಲೋಮೀಟರ್ ಹೆದ್ದಾರಿಯಲ್ಲಿ ಓಡುವ ಟ್ಯಾಂಕರುಗಳ ಮೂರು ಬದಿಗೂ ಒಂದು ಫಲಕವಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿದವು. ಅದರ ಮೇಲೆ 1203 ಎಂದಿದ್ದರೆ ಪೆಟ್ರೋಲ್, 1075 ಎಂದಿದ್ದರೆ ಅಡಿಗೆಯ ಅನಿಲ. ಅಗ್ನಿಶಾಮಕ ದಳದವರಿಗೆ ಈ ಸಂಖ್ಯೆ ಸಾಕು. ಟ್ಯಾಂಕರು ಉರುಳಿಬಿದ್ದಾಗ ಕೊಡ ಹಿಡಿದು ಓಡಿಬರುವ ಊರವರಿಗೆ ಅದನ್ನು ಯಾರೂ ಕಲಿಸಿಲ್ಲ.

2020ರ ಮೇ 7ರ ನಸುಕಿನಲ್ಲಿ, ಸುಮಾರು ಮೂರು ಗಂಟೆಗೆ, ವಿಶಾಖಪಟ್ಟಣದ ಆರ್. ಆರ್. ವೆಂಕಟಾಪುರದ ಎಲ್‌.ಜಿ. ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಆವಿ ಹೊರಬಿದ್ದಿತು. 12 ಮಂದಿ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ರಾಜ್ಯ ಸರಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯ ವರದಿಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಎರಡು ಸಂಗತಿಗಳಿವೆ. ತಾಪಮಾಪಕ ಇದ್ದುದು ತೊಟ್ಟಿಯ ತಳಭಾಗದಲ್ಲಿ ಮಾತ್ರ. ಮೇಲಿನ ಪದರಗಳು ಕಾಯುತ್ತಿದ್ದುದನ್ನು ಅದು ತೋರಿಸಲಿಲ್ಲ. ಅಪಾಯದ ಕಹಳೆಯನ್ನು ಮೊಳಗಿಸಲು 36 ಕಡೆ ಗುಂಡಿಗಳಿದ್ದವು, ಒಂದು ಹೆಬ್ಬಾಗಿಲಲ್ಲೇ ಇತ್ತು; ಒಂದನ್ನೂ ಒತ್ತಲಿಲ್ಲ. ಒತ್ತಿದ್ದರೆ ಹಳ್ಳಿ ಏಳುತ್ತಿತ್ತು. ಆದರೆ ಎದ್ದವರು ಯಾವ ಕಡೆಗೆ ಓಡಬೇಕು?

ಈ ಪ್ರಶ್ನೆಗೆ ಉತ್ತರ ಹೇಳುವ ಸಂಕೇತವೂ ಒಂದುಂಟು. ರಾಸಾಯನಿಕ ಕಾರ್ಖಾನೆಗಳಲ್ಲಿ ಎತ್ತರದ ಕಂಬಕ್ಕೆ ಕೆಂಪುಬಿಳಿ ಪಟ್ಟೆಯ ಬಟ್ಟೆಯ ಚೀಲವನ್ನು ಕಟ್ಟಿರುತ್ತಾರೆ. ಚೀಲದ ಕಿರಿದಾದ ತುದಿ ತೋರಿಸುವ ದಿಕ್ಕಿಗೆ ಗಾಳಿ ಬೀಸುತ್ತಿದೆಯೆಂದು ಅರ್ಥ; ವಿಷದ ಆವಿಯೂ ಅತ್ತಲೇ ಹೋಗುತ್ತದೆ. ಆದುದರಿಂದ ಅತ್ತ ಓಡದೆ, ಗಾಳಿಗೆ ಅಡ್ಡಲಾಗಿ ಸರಿದು ಅದರ ಹಾದಿಯಿಂದ ಹೊರಬೀಳಬೇಕು. ಇದನ್ನು ಓದಲು ತೆಲುಗು ಬೇಡ, ಕನ್ನಡ ಬೇಡ, ಇಂಗ್ಲಿಷೂ ಬೇಡ. ಕಂಬ ಎತ್ತರವಾಗಿದ್ದರೆ ಗೋಡೆಯಾಚೆಯ ಕೇರಿಗೂ ಹಗಲೆಲ್ಲ ಕಾಣುತ್ತಿರುತ್ತದೆ. ಅದರ ಅರ್ಥವನ್ನು ಒಳಗಿನ ಕೆಲಸಗಾರನಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಕೇರಿಯ ಶಾಲೆಯ ಮಕ್ಕಳಿಗೆ ಹೇಳಿಕೊಡಲು ಅರ್ಧ ಗಂಟೆಯ ಪಾಠ ಸಾಕಾದೀತು.