ಕೊಳೆರೋಗದ ಗೂಢ ಪ್ರೋಟೀನುಗಳು

ಆಷಾಢದ ಮಳೆ ಹಿಡಿದು ದಿನಗಟ್ಟಲೆ ಬಿಡದೆ ಸುರಿದು, ನಡುವೆ ಒಂದೆರಡು ದಿನ ಎಳೆಬಿಸಿಲು ಕಾದು, ಮತ್ತೆ ಮೋಡ ಕವಿಯಿತೆಂದರೆ, ಭಟ್ಕಳದ ಬೆಳಕೆಯಿಂದ ಹಿಡಿದು ಹೊನ್ನಾವರದ ಶರಾವತಿ ಕಣಿವೆಯನ್ನು ಹಾದು ಕುಮಟೆಯ ಅಘನಾಶಿನಿ ತೀರದವರೆಗಿನ ಅಡಕೆ ಬೆಳೆಗಾರರ ದೃಷ್ಟಿಯೆಲ್ಲ ಮರದ ಕೊನೆಗಳ ಕಡೆಗೇ ನೆಟ್ಟಿರುವುದು. ಎಳೆಯ ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಕಲೆಯೊಂದು ಮೂಡಿ, ಹರಡಿ, ಬಿಳಿಯ ಬೂಸಲು ಹೊದ್ದು, ಕಾಯಿಗಳು ಬುಡಕ್ಕೆ ಉದುರತೊಡಗಿದರೆ, ವರ್ಷದ ಶ್ರಮವೆಲ್ಲ ಕೆಲವೇ ವಾರಗಳಲ್ಲಿ ಮಣ್ಣುಪಾಲಾಗುತ್ತದೆ. ಇದೇ ಕೊಳೆರೋಗ.

ಈ ರೋಗದ ಕಾರಣವನ್ನು ಶಾಸ್ತ್ರೀಯವಾಗಿ ಶೋಧಿಸಿದ ಕೀರ್ತಿ ಮೈಸೂರು ಸರಕಾರದ ಸೇವೆಗೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅವರದು. 1910ರಲ್ಲಿ ಅವರು ಪ್ರಕಟಿಸಿದ ವರದಿಯು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯೇ ಕೊಳೆಗೆ ಮೂಲವೆಂದು ತೋರಿಸಿತು. ಅಡಕೆಯ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುತ್ತಿದ್ದ ನಮ್ಮ ಹಿರಿಯರ ಉಪಾಯದ ಜೊತೆಗೆ, ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವು ಬಳಕೆಗೆ ಬಂದು, ಇಂದಿಗೂ ನಮ್ಮ ಮುಖ್ಯ ಆಸರೆಯಾಗಿ ಉಳಿದಿದೆ. ಆದರೆ ಈ ದ್ರಾವಣವು ಕಾಯಿಯ ಹೊರಮೈಯನ್ನು ಮಾತ್ರ ಕಾಯಬಲ್ಲುದು. ರೋಗಾಣು ಒಮ್ಮೆ ಒಳಹೊಕ್ಕ ಮೇಲೆ ಅಲ್ಲಿ ನಡೆಯುವ ವ್ಯಾಪಾರವು ಅದರ ಕೈಗೆ ಸಿಲುಕದು. ಆ ಒಳಗಿನ ವ್ಯಾಪಾರವನ್ನು ಅರಿಯುವ ಪ್ರಯತ್ನವೇ ರೋಗಾಣುಗಳು ಸ್ರವಿಸುವ ಪ್ರೋಟೀನುಗಳ ಅಧ್ಯಯನ.

ಫೈಟಾಫ್ತೊರಾವನ್ನು ರೂಢಿಯಲ್ಲಿ ಶಿಲೀಂಧ್ರವೆಂದೇ ಕರೆಯುವೆವಾದರೂ, ಅದು ಕುಲದಲ್ಲಿ ಕಂದು ಪಾಚಿಗಳಿಗೆ ಹತ್ತಿರದ ಜೀವಿ. ಅದರ ಕೋಶಭಿತ್ತಿಯಲ್ಲಿ ನಿಜವಾದ ಶಿಲೀಂಧ್ರಗಳ ಕೈಟಿನ್ನಿನ ಬದಲು ಸೆಲ್ಯುಲೋಸ್ ಇರುತ್ತದೆ. ಅದರ ಬೀಜಾಣುಗಳು ಕಾಯಿಯ ಮೇಲಿನ ತೆಳುವಾದ ನೀರಿನ ಪದರದಲ್ಲಿ ಈಜಿ, ತಕ್ಕ ಸ್ಥಳದಲ್ಲಿ ನೆಲೆಗೊಂಡು, ಮೊಳೆತು ಒಳನುಗ್ಗುತ್ತವೆ. ನುಗ್ಗುವಾಗ ಅವು ಹಲವು ಬಗೆಯ ಪ್ರೋಟೀನುಗಳನ್ನು ಹೊರಸೂಸುತ್ತವೆ. ಕೆಲವು ಸಸ್ಯಕೋಶಗಳನ್ನು ಬೆಸೆದಿರುವ ಪೆಕ್ಟಿನ್ನನ್ನೂ ಭಿತ್ತಿಯ ಸೆಲ್ಯುಲೋಸನ್ನೂ ಕರಗಿಸುವ ಕಿಣ್ವಗಳು. ಕೆಲವು, ಸಸ್ಯವು ಆತ್ಮರಕ್ಷಣೆಗಾಗಿ ಬಿಡುವ ಕಿಣ್ವಗಳನ್ನೇ ಹಿಡಿದು ನಿಷ್ಕ್ರಿಯಗೊಳಿಸುವಂಥವು. ಇನ್ನು ಕೆಲವು ಜೀವಕೋಶದ ಒಳಗೇ ಸೇರಿ, ಅದರ ಪ್ರತಿಭಟನೆಯ ಸಂಜ್ಞೆಗಳನ್ನು ಅಡಗಿಸುವಂಥವು. ಮನೆಗೆ ನುಗ್ಗುವ ಕಳ್ಳನು ಮೊದಲು ಅಂಗಳದ ನಾಯಿಗೆ ಅನ್ನ ಹಾಕಿ ಸುಮ್ಮನಾಗಿಸುವಂತೆ, ರೋಗಾಣುವು ಗಿಡದ ಎಚ್ಚರವನ್ನು ಮೊದಲು ಮಂಕುಗೊಳಿಸುತ್ತದೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಹಾಳುಗೆಡವಿ ಮಹಾಕ್ಷಾಮಕ್ಕೆ ಕಾರಣವಾದ ರೋಗಾಣುವೂ ಇದೇ ಕುಲದ್ದು. ಅದರ ಸಮಗ್ರ ವಂಶವಾಹಿ ವಿನ್ಯಾಸವನ್ನು 2009ರಲ್ಲಿ ವಿಜ್ಞಾನಿಗಳು ಓದಿದಾಗ, ಕೋಶದೊಳಗೆ ಸೇರಿ ಕೆಲಸಮಾಡಬಲ್ಲ ಇಂತಹ ಪ್ರೋಟೀನುಗಳ ಒಂದೇ ವರ್ಗದಲ್ಲಿ 500ಕ್ಕೂ ಹೆಚ್ಚು ವಂಶವಾಹಿಗಳು ಕಂಡುಬಂದವು.

ಈ ಪ್ರೋಟೀನುಗಳನ್ನು ಹುಡುಕುವ ಬಗೆಯೂ ಕುತೂಹಲಕರವಾದುದು. ರೋಗಾಣುವನ್ನು ದ್ರವಪೋಷಕದಲ್ಲಿ ಬೆಳೆಸಿ, ಸೋಸಿ, ಆ ದ್ರವದಲ್ಲಿನ ಪ್ರೋಟೀನುಗಳನ್ನು ತುಂಡರಿಸಿ, ದ್ರವ್ಯರಾಶಿ ರೋಹಿತಮಾಪಕದಲ್ಲಿ ತೂಗಿ ಗುರುತಿಸುವುದು ಒಂದು ಮಾರ್ಗ. ಆದರೆ ಸೀಸೆಯಲ್ಲಿ ಬೆಳೆದ ರೋಗಾಣುವು, ಜೀವಂತ ಕಾಯಿಯಲ್ಲಿ ಸ್ರವಿಸುವುದನ್ನೆಲ್ಲ ಸ್ರವಿಸಲಾರದು. ರೋಗತಗುಲಿದ ಕಾಯಿಯಲ್ಲಿ ಹುಡುಕಹೊರಟರೆ, ಗಿಡದ ಸ್ವಂತ ಪ್ರೋಟೀನುಗಳ ರಾಶಿಯಲ್ಲಿ ರೋಗಾಣುವಿನವು ಮರೆಯಾಗುವುವು. ಆದುದರಿಂದ ಸ್ರಾವಕ್ಕೆ ಹೊರಡುವ ಪ್ರೋಟೀನುಗಳ ತುದಿಯಲ್ಲಿ ಇರತಕ್ಕ ಸಂಕೇತಖಂಡವನ್ನು ವಂಶವಾಹಿಗಳಲ್ಲಿಯೇ ಗಣಕಯಂತ್ರದಿಂದ ಶೋಧಿಸುವರು. ಪ್ರೋಟೀನುಗಳಿಗೆ ತಮ್ಮ ದಾರಿಯನ್ನು ತೋರಿಸುವ ಇಂತಹ ಸಂಕೇತಗಳನ್ನು ಕಂಡುಹಿಡಿದುದಕ್ಕಾಗಿಯೇ ಗುಂಟರ್ ಬ್ಲೋಬೆಲ್ ಅವರಿಗೆ 1999ರ ನೊಬೆಲ್ ಪಾರಿತೋಷಕ ಸಂದಿತು.

ಇದರಿಂದ ಬೆಳೆಗಾರನಿಗೆ ಏನು ಲಾಭ? ಕೆಲವು ಗಿಡಗಳು ಈ ಪ್ರೋಟೀನುಗಳಲ್ಲಿ ಒಂದನ್ನು ಗುರುತುಹಿಡಿಯುವ ಶಕ್ತಿಯನ್ನು ಪಡೆದಿರುತ್ತವೆ. ಗುರುತು ಸಿಕ್ಕೊಡನೆ ಸೋಂಕಿದ ಕೋಶವು ತಾನೇ ಸತ್ತು ರೋಗದ ಮುನ್ನಡೆಯನ್ನು ತಡೆಯುತ್ತದೆ. ಆಲೂಗಡ್ಡೆಯ ಕಾಡುತಳಿಗಳ ಎಲೆಗಳ ಮೇಲೆ ಇಂತಹ ಪ್ರೋಟೀನುಗಳನ್ನು ಪ್ರಯೋಗಿಸಿ, ಯಾವ ತಳಿಗೆ ಆ ಶಕ್ತಿಯಿದೆಯೆಂಬುದನ್ನು ಬೇಗನೆ ಪತ್ತೆಹಚ್ಚಿದ್ದಾರೆ. ರೋಗಾಣುವು ತನ್ನ ಪ್ರೋಟೀನನ್ನು ಬದಲಿಸಿ ಈ ಕಾವಲನ್ನು ವಂಚಿಸುವುದೂ ಉಂಟಾದ್ದರಿಂದ, ಅದು ಸುಲಭವಾಗಿ ತೊರೆಯಲಾರದ ಪ್ರೋಟೀನುಗಳನ್ನೇ ಗುರಿಯಾಗಿಸುವುದು ಜಾಣತನ. ನೆಟ್ಟು ಫಲಕ್ಕೆ ಬರಲು ಐದಾರು ವರ್ಷ ಬೇಡುವ ಅಡಕೆಯಲ್ಲಿ, ಸಸಿಯ ಹಂತದಲ್ಲಿಯೇ ಶಕ್ತಿಯನ್ನು ಅಳೆಯುವ ಇಂತಹ ಪರೀಕ್ಷೆ ಸಾಧ್ಯವಾದರೆ ಅದರ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಈ ಜ್ಞಾನದ ಬಹುಭಾಗ ಆಲೂಗಡ್ಡೆ, ಟೊಮೆಟೊ, ಸೋಯಾಗಳಿಂದ ಬಂದುದು. ಅದನ್ನು ಅಡಕೆಯಲ್ಲಿ ಪರೀಕ್ಷಿಸಿ ಫಲಕ್ಕೆ ತರುವ ಕಾರ್ಯಕ್ಕೆ ಸರಕಾರವು ಧಾರಾಳವಾಗಿ ಹಣವೊದಗಿಸತಕ್ಕುದು. ಬೆಳೆಗಾರರ ಪಾಲೂ ಇದರಲ್ಲಿ ಸಣ್ಣದಲ್ಲ. ಮಳೆಗಾಲಕ್ಕೆ ಮುನ್ನ ಔಷಧಿ ಹೊಡೆಯುವುದನ್ನೂ, ಉದುರಿದ ಕಾಯಿಗಳನ್ನು ಹೆಕ್ಕಿ ನಾಶಮಾಡುವುದನ್ನೂ ಎಂದಿನಂತೆ ನಡೆಸುತ್ತ, ಸುತ್ತಲ ಮರಗಳೆಲ್ಲ ಕೊಳೆಗೆ ತುತ್ತಾದಾಗಲೂ ವರ್ಷ ವರ್ಷವೂ ಕಾಯಿ ಕಟ್ಟಿಕೊಂಡು ನಿಂತ ಮರವೊಂದು ತೋಟದಲ್ಲಿದ್ದರೆ, ಅದನ್ನು ಗುರುತಿಟ್ಟು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗಾಗಲಿ, ಅದರ ವಿಟ್ಲದ ಕೇಂದ್ರಕ್ಕಾಗಲಿ ತಿಳಿಸಬೇಕು. ಕಡಿದುಹಾಕಿದ ಮರದಿಂದ ತಳಿಯನ್ನು ಮರಳಿ ಪಡೆಯಲಾಗದು.