ಮೊಬೈಲ್ ಒಂದೇ, ಗಡಿ ದಾಟಿದರೆ ಆ್ಯಪ್ ಬೇರೆ

ಚಿಲಮತ್ತೂರು: ಕೈಯಲ್ಲಿರೋ ಮೊಬೈಲ್ ಒಂದೇ. ಆದರೆ ಬೆಂಗಳೂರಿನಲ್ಲಿ ಅದರ ಕೆಲಸ ಬೇರೆ, ಹಿಂದೂಪುರದಲ್ಲಿ ಬೇರೆ, ಚಿಲಮತ್ತೂರಿನ ಹೊಲದ ಬದುವಿನ ಮೇಲೆ ಮತ್ತೂ ಬೇರೆ. ಗಡಿಯ ಕನ್ನಡ ಕುಟುಂಬಗಳಿಗೆ ಇದು ಬರೀ ಅನುಕೂಲದ ಮಾತಲ್ಲ, ಬೆಳೆ ಪರಿಹಾರದ ಪ್ರಶ್ನೆ.

ಕೆಲಸಕ್ಕೋ ಓದಿಗೋ ಬೆಂಗಳೂರು ಸೇರಿದ ಮಕ್ಕಳ ಮೊಬೈಲಿನಲ್ಲಿ ಓಡಾಟದ ಆ್ಯಪ್‌ಗಳದ್ದೇ ಕಾರುಬಾರು. ಆಟೊ ಕರೆಯಲು 2022ರಲ್ಲಿ ಬಂದ ‘ನಮ್ಮ ಯಾತ್ರಿ’, ಅದೇ ವರ್ಷ ನವೆಂಬರ್‌ನಲ್ಲಿ ಶುರುವಾದ ಮೆಟ್ರೊ ಕ್ಯೂಆರ್ ಟಿಕೆಟ್, ಊಟ ತರಿಸಲು ಸ್ವಿಗ್ಗಿ, ಜೊಮ್ಯಾಟೊ. ಹಬ್ಬಕ್ಕೆ ಊರಿಗೆ ಬಂದರೆ ಮೆಟ್ರೊ ಟಿಕೆಟಿಗೆ ಇಲ್ಲೇನು ಕೆಲಸ?

ಹಿಂದೂಪುರ ಆಂಧ್ರದ ಊರಾದರೂ ಅಲ್ಲಿನ ರೈಲು ನಿಲ್ದಾಣ ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು. ಬೆಂಗಳೂರಿಗೆ ಹೋಗಿಬರುವವರಿಗೆ ರೈಲು ಟಿಕೆಟಿನ ಆ್ಯಪ್ ಮುಖ್ಯ. 2025ರ ಜುಲೈ 1ರಂದು ಬಂದ ‘ರೈಲ್‌ಒನ್’ನಲ್ಲಿ ಕಾಯ್ದಿರಿಸದ ಟಿಕೆಟೂ ಸಿಗುತ್ತದೆ. ಕಚೇರಿ ಕೆಲಸಗಳಿಗೆ ಆಂಧ್ರ ಸರ್ಕಾರ 2025ರ ಜನವರಿ 30ರಂದು ವಾಟ್ಸ್‌ಆ್ಯಪ್‌ನಲ್ಲಿ 161 ಸೇವೆಗಳೊಂದಿಗೆ ‘ಮನ ಮಿತ್ರ’ ಆರಂಭಿಸಿತು.

ಎಲ್ಲೆಡೆ ಬದಲಾಗದ್ದು ದುಡ್ಡು ಕಳಿಸುವ ಆ್ಯಪ್ ಮಾತ್ರ. 2016ರಲ್ಲಿ ಬಂದ ಯುಪಿಐಗೆ ಗಡಿಯಿಲ್ಲ. ಬಾಗೇಪಲ್ಲಿಯ ಟೀ ಅಂಗಡಿಯಲ್ಲೂ ಅದೇ, ಚಿಲಮತ್ತೂರಿನ ದಿನಸಿ ಅಂಗಡಿಯಲ್ಲೂ ಅದೇ.

ಹೊಲದಲ್ಲಿ ತೊಡಕು

ತೊಡಕು ಶುರುವಾಗುವುದು ಜಮೀನಿನ ವಿಷಯದಲ್ಲಿ. ಒಂದೇ ಮನೆಯವರಿಗೆ ಚಿಲಮತ್ತೂರು ಮಂಡಲದಲ್ಲೊಂದು ತುಂಡು, ಬಾಗೇಪಲ್ಲಿ ತಾಲ್ಲೂಕಿನಲ್ಲೊಂದು ತುಂಡು ಇದ್ದರೆ ಲೆಕ್ಕವೂ ಎರಡು. ಕರ್ನಾಟಕದ ತುಂಡಿಗೆ ‘ಭೂಮಿ’ಯಲ್ಲಿ ಪಹಣಿ, ಆಂಧ್ರದ ತುಂಡಿಗೆ ‘ಮೀಭೂಮಿ’ಯಲ್ಲಿ ಅಡಂಗಲ್, 1-ಬಿ.

ಬೆಳೆ ದಾಖಲಿಸುವ ಕ್ರಮವೂ ಬೇರೆ. ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ಬೆಳೆ ಸಮೀಕ್ಷೆ ಆ್ಯಪ್‌ಗೆ ಹಾಕಬಹುದು. ಆಂಧ್ರದಲ್ಲಿ ಇ-ಕ್ರಾಪ್ ದಾಖಲಿಸುವವರು ರೈತ ಸೇವಾ ಕೇಂದ್ರದ ಸಿಬ್ಬಂದಿ. ರೈತ ಇ-ಕೆವೈಸಿ ಕೊಟ್ಟು ಖಚಿತಪಡಿಸಬೇಕು. ‘ಆಕಡೆ ಆಗಿದೆಯಲ್ಲ, ಈಕಡೇನೂ ಆಗಿರ್ತದೆ’ ಅಂದ್ಕೊಂಡು ಕೂತರೆ ಕೆಟ್ಟಿತು. ಒಂದು ರಾಜ್ಯದ ದಾಖಲೆ ಇನ್ನೊಂದು ರಾಜ್ಯದಲ್ಲಿ ನಡೆಯೋದಿಲ್ಲ. ಬೆಳೆ ಹಾನಿ ಪರಿಹಾರಕ್ಕೂ ಬೆಂಬಲ ಬೆಲೆ ಖರೀದಿಗೂ ನೋಡುವುದು ಈ ದಾಖಲೆಯನ್ನೇ. ಹೊಲದಲ್ಲಿ ಕಡಲೆಕಾಯಿ ಇದ್ದು ದಾಖಲೆಯಲ್ಲಿ ಇಲ್ಲವಾದರೆ ನಷ್ಟ ರೈತನದು.

ಇಷ್ಟು ಮಾಡಿ

ಬಿತ್ತನೆಯಾದ ಮೇಲೆ ಎರಡೂ ಕಡೆಯ ಸರ್ವೆ ನಂಬರು, ಬೆಳೆಯ ಹೆಸರು, ವಿಸ್ತೀರ್ಣ ಸರಿಯಿದೆಯೇ ನೋಡಿಕೊಳ್ಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಬಂದ್ ಆಗಲು ಬಿಡಬೇಡಿ. ಓಟಿಪಿ ಬರೋದು ಅದಕ್ಕೇ. ‘ಅಣ್ಣಾ, ಇದನ್ನ ಸ್ವಲ್ಪ ಒತ್ತಿಕೊಡು’ ಅಂತ ಅಂಗಡಿಯಲ್ಲಿ ಮೊಬೈಲ್ ಕೊಟ್ಟರೂ ಯುಪಿಐ ಪಿನ್ ಮಾತ್ರ ಹೇಳಬೇಡಿ. ದುಡ್ಡು ಮೋಸ ಹೋದರೆ ಯಾವ ರಾಜ್ಯದಲ್ಲಿದ್ದರೂ ಕೂಡಲೇ 1930ಕ್ಕೆ ಫೋನ್ ಮಾಡಿ. ಬೆಂಗಳೂರಿನ ಮಕ್ಕಳು ಮುಂದಿನ ಸಲ ಊರಿಗೆ ಬಂದಾಗ ಅಪ್ಪ-ಅಮ್ಮನ ಜೊತೆ ಒಮ್ಮೆ ಹೊಲಕ್ಕೆ ಹೋಗಿ ಈ ದಾಖಲೆ ನೋಡಿಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.