ಚಿಪ್ಪನ್ನು ಒಳಗಿರಿಸಿಕೊಂಡ ಜೀವಿಗಳು

ಗ್ರಂಥಿಗೆ ಅಂಗಡಿಗಳಲ್ಲಿ ‘ಸಮುದ್ರಫೇನ’ ಎಂಬ ಹೆಸರಿನಿಂದ ದೊರೆಯುವ, ಗಿಳಿ ಸಾಕುವವರು ಪಂಜರದಲ್ಲಿ ತೂಗುಹಾಕುವ ಬಿಳಿಯ, ಹಗುರವಾದ ವಸ್ತುವನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಕಡಲಿನ ನೊರೆ ಗಟ್ಟಿಯಾಗಿ ಹೀಗಾಯಿತೆಂದು ಭಾವಿಸುವುದು ಸಹಜ. ವಾಸ್ತವವಾಗಿ ಅದು ಕಟಲ್ ಮೀನೆಂಬ ಪ್ರಾಣಿಯ ದೇಹದೊಳಗಿನ ಚಿಪ್ಪು. ಈ ಪ್ರಾಣಿಯನ್ನೂ ಇದರ ಸಮೀಪ ಬಂಧುವಾದ ಸ್ಕ್ವಿಡ್ಡನ್ನೂ ಮುಂಬಯಿಯಲ್ಲಿ ಮಾಕುಲ್ ಎಂದು, ಚೆನ್ನೈಯಲ್ಲಿ ಕಣವಾಯ್ ಎಂದು ಮಾರುತ್ತಾರೆ. ಮಂಗಳೂರಿನವರಿಗೆ ಬೊಂಡಾಸ್ ಪರಿಚಿತವೇ. ಮೀನು ಪೇಟೆಯಲ್ಲಿ ದೊರೆತರೂ ಇವು ಮೀನುಗಳಲ್ಲ. ಬಸವನಹುಳು, ಶಂಖ, ಕವಡೆ, ಕಪ್ಪೆಚಿಪ್ಪುಗಳನ್ನೊಳಗೊಂಡ ಮೃದ್ವಂಗಿಗಳೆಂಬ ಮಹಾವಂಶಕ್ಕೆ ಸೇರಿದವು.

ಈ ಬಾಂಧವ್ಯವನ್ನು ನಂಬುವುದು ಹೇಗೆ? ಬಸವನಹುಳುವಿನಲ್ಲಿರುವಂತೆ ಇವುಗಳ ಬಾಯಿಯಲ್ಲಿಯೂ ಸೂಕ್ಷ್ಮ ಹಲ್ಲುಗಳ ಪಟ್ಟಿಯೊಂದಿದೆ. ಚಿಪ್ಪನ್ನು ಸ್ರವಿಸುವ ಪ್ರಾವಾರವೆಂಬ ಮಾಂಸಲ ಹೊದಿಕೆ ಎರಡಕ್ಕೂ ಸಮಾನ. ಬಸವನಹುಳು ತೆವಳಲು ಬಳಸುವ ಪಾದವು ಯಾವ ಭಾಗದಿಂದ ಬೆಳೆಯುವುದೋ, ಭ್ರೂಣಾವಸ್ಥೆಯಲ್ಲಿ ಅದೇ ಭಾಗದಿಂದ ಇವುಗಳ ತೋಳುಗಳು ಮೂಡುತ್ತವೆ. ಶಿರಪಾದಿಗಳೆಂಬ ಹೆಸರು ಈ ಕಾರಣದಿಂದ ಸಾರ್ಥಕವಾಗಿದೆ.

ಚಿಪ್ಪಿನ ಇತಿಹಾಸವು ಇನ್ನೂ ಸ್ವಾರಸ್ಯಕರವಾದುದು. ಸುಮಾರು 49 ಕೋಟಿ ವರ್ಷಗಳ ಹಿಂದಿನ ಚೀನಾದ ಶಿಲಾಸ್ತರಗಳಲ್ಲಿ ಪ್ಲೆಕ್ಟ್ರೊನೊಸೆರಾಸ್ ಎಂಬ ಪುಟ್ಟ ಪ್ರಾಣಿಯ ಪಳೆಯುಳಿಕೆಗಳು ದೊರೆತಿವೆ. ಬಾಗಿದ ಕೊಂಬಿನಂತಹ ಅದರ ಚಿಪ್ಪಿನೊಳಗೆ ಅನೇಕ ಕೋಣೆಗಳು. ಅವುಗಳನ್ನು ಪೋಣಿಸಿದಂತೆ ಒಂದು ನಾಳ. ಕೋಣೆಗಳಲ್ಲಿನ ದ್ರವವನ್ನು ಈ ನಾಳದ ಮೂಲಕ ಹೀರಿ, ಅನಿಲಕ್ಕೆ ಎಡೆಮಾಡಿಕೊಟ್ಟರೆ ಚಿಪ್ಪು ಹಗುರವಾಗುತ್ತದೆ. ನೆಲವನ್ನು ಬಿಟ್ಟು ಮೇಲೇಳಲು ಶಿರಪಾದಿಗಳಿಗೆ ದಾರಿಯಾದುದು ಇದೇ ಉಪಾಯ. ಇಂದಿನ ನಾಟಿಲಸ್ ಈ ಚಿಪ್ಪನ್ನು ಹೊರಗೆ ಹೊತ್ತೇ ಬದುಕಿದೆ. 40 ಕೋಟಿ ವರ್ಷಗಳಿಗೂ ಹಿಂದೆ ಅದರಿಂದ ಕವಲೊಡೆದ ಶಾಖೆಯಲ್ಲಿ ಚಿಪ್ಪು ಕ್ರಮೇಣ ಒಳಸರಿಯಿತು. ಕಟಲ್ ಮೀನಿನಲ್ಲಿ ಅದು ಸಮುದ್ರಫೇನವಾಗಿ, ಇಂದಿಗೂ ತೇಲುವ ಕೆಲಸವನ್ನು ನಿರ್ವಹಿಸುತ್ತಿದೆ; ಸ್ಕ್ವಿಡ್ಡಿನಲ್ಲಿ ಗರಿಯಂತಹ ತೆಳು ಪಟ್ಟಿಯಾಗಿ ಉಳಿದಿದೆ; ಆಕ್ಟೋಪಸ್ಸಿನಲ್ಲಿ ಬಹುತೇಕ ಅಳಿದೇಹೋಗಿದೆ.

ಗಂಡಕಿ ನದಿಯ ಸಾಲಿಗ್ರಾಮಗಳಲ್ಲಿ ಕಾಣುವ ಚಕ್ರಾಕೃತಿಯೂ ಇದೇ ಕುಲದ ಗುರುತು. ಅದು ಅಮೊನೈಟ್ ಎಂಬ ಶಿರಪಾದಿಯ ಚಿಪ್ಪಿನ ಅಚ್ಚು. ಸುರುಳಿಯನ್ನು ನೋಡಿ ನಾಟಿಲಸ್ಸಿನ ಸೋದರನೆಂದು ಎಣಿಸಬಾರದು; ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಶಿಸಿದ ಅಮೊನೈಟ್‌ಗಳು ಬೊಂಡಾಸಿಗೇ ಹೆಚ್ಚು ಹತ್ತಿರದವು.

ಉಳಿದ ಮೃದ್ವಂಗಿಗಳಲ್ಲಿ ಶಿರಪಾದಿಗಳಿಗೆ ಯಾರು ಅತ್ಯಂತ ಸಮೀಪ ಎಂಬ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ. ಸ್ಪಷ್ಟವಾದ ತಲೆಯುಳ್ಳ ಬಸವನಹುಳುಗಳೇ ಸಮೀಪದವೆಂದು ಬಹುಕಾಲ ತಿಳಿಯಲಾಗಿತ್ತು. 1952ರಲ್ಲಿ ಡೆನ್ಮಾರ್ಕಿನ ಗಲಾಥಿಯಾ ಸಂಶೋಧನಾ ನೌಕೆಯು ಮಧ್ಯ ಅಮೆರಿಕದ ಪಶ್ಚಿಮಕ್ಕೆ, ಶಾಂತಸಾಗರದ ಸುಮಾರು ಮೂರೂವರೆ ಸಾವಿರ ಮೀಟರ್ ಆಳದಿಂದ, ಟೋಪಿಯಂತಹ ಚಿಪ್ಪಿನ ನಿಯೊಪಿಲೈನಾ ಎಂಬ ಜೀವಿಯನ್ನು ಮೇಲೆತ್ತಿತು. ಅದರ ವರ್ಗವು ಅದುವರೆಗೆ ಪಳೆಯುಳಿಕೆಗಳಿಂದ ಮಾತ್ರ ತಿಳಿದಿತ್ತು. 2011ರಲ್ಲಿ ಪ್ರಕಟವಾದ ವಂಶವಾಹಿಗಳ ಎರಡು ಅಧ್ಯಯನಗಳಲ್ಲಿ ಒಂದು, ಈ ವರ್ಗವನ್ನೇ ಶಿರಪಾದಿಗಳ ಪಕ್ಕದಲ್ಲಿ ಕೂರಿಸಿತು. ಇನ್ನೊಂದು ಬಸವನಹುಳುಗಳನ್ನು ಕಪ್ಪೆಚಿಪ್ಪುಗಳ ಜೊತೆಗೆ ಸೇರಿಸಿತು. ಅನಂತರದ ಅಧ್ಯಯನಗಳೆಲ್ಲವೂ ಇವನ್ನು ಒಪ್ಪಿಲ್ಲ. ಕವಲುಗಳು ಅತಿ ಪುರಾತನ ಕಾಲದಲ್ಲಿ, ಅಲ್ಪಾವಧಿಯಲ್ಲಿ ಒಡೆದುದರಿಂದ ಅವುಗಳ ಕ್ರಮವನ್ನು ಓದುವುದು ಕಷ್ಟ.

ಈ ವಿಚಾರದಲ್ಲಿ ನಾಟಿಲಸ್ಸಿನ ಸಾಕ್ಷ್ಯಕ್ಕೆ ಬದಲಿಯಿಲ್ಲ. ಹೊರಚಿಪ್ಪನ್ನು ಉಳಿಸಿಕೊಂಡ ಶಿರಪಾದಿಗಳ ವಂಶ ಅದೊಂದೇ. ಆಕ್ಟೋಪಸ್ಸುಗಳಲ್ಲಿ ಹೆಚ್ಚಿನವು ಒಂದೆರಡು ವರ್ಷ ಬದುಕಿ, ಸಾವಿರಾರು ಮೊಟ್ಟೆಗಳನ್ನಿಡುತ್ತವೆ. ನಾಟಿಲಸ್ಸಾದರೋ ಪ್ರೌಢಾವಸ್ಥೆಗೆ ಬರಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಅದರ ಮೊಟ್ಟೆ ಒಡೆಯಲು ಸುಮಾರು ಒಂದು ವರ್ಷ ಬೇಕು. ಅಲಂಕಾರದ ಚಿಪ್ಪಿಗಾಗಿ ಹಿಡಿಯುತ್ತ ಹೋದರೆ ನಷ್ಟ ತುಂಬಿಬರುವುದಿಲ್ಲ. ನಮ್ಮ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೊದಲನೆಯ ಅನುಸೂಚಿಗೆ ಇದನ್ನು 2001ರಲ್ಲಿ ಸೇರಿಸಲಾಯಿತು. ಆದುದರಿಂದ ಕಡಲತೀರದ ಅಂಗಡಿಯಲ್ಲಿ ಇದರ ಚಿಪ್ಪು ಕಂಡರೆ ಕೊಳ್ಳದಿರುವುದು ಉಚಿತ.